ಮಾದಕ ವ್ಯಸನ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಸನ ಚಿಕಿತ್ಸೆಗೆ ಮೊದಲು ಬರುವವರು ಬಹುತೇಕ ವ್ಯಸನಿಗಳಲ್ಲ, ಅವರ ಮನೆಯವರು. ಮಗನ ಜೇಬಿನಲ್ಲಿ ಸಿಕ್ಕ ಪೊಟ್ಟಣವನ್ನು ಕರವಸ್ತ್ರದಲ್ಲಿ ಸುತ್ತಿ ತಂದ ತಾಯಿ, ಊರಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಬಂದ ಅಪ್ಪ, ಗಂಡನನ್ನು ಬಿಟ್ಟು ಒಬ್ಬಳೇ ಬಂದ ಹೆಂಡತಿ, ಇಂಥವರು ಕೇಳುವ ಪ್ರಶ್ನೆಗಳು ಊರು ಯಾವುದಾದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಕರ್ನಾಟಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳಿಗೆ ಇಲ್ಲಿ ಉತ್ತರ ಬರೆಯಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ಇದು ಕಾಯಿಲೆಯೋ, ಕೆಟ್ಟ ಚಟವೋ? ಮನಸ್ಸು ಗಟ್ಟಿ ಮಾಡಿಕೊಂಡರೆ ಬಿಡಲಾಗುವುದಿಲ್ಲವೆ?

ಮೊದಲ ಸಲ ಮುಟ್ಟುವುದು ಸಾಮಾನ್ಯವಾಗಿ ಅವರವರ ತೀರ್ಮಾನವೇ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮಾದಕ ವಸ್ತುಗಳು ಮಿದುಳಿನಲ್ಲಿ ಸಂತೋಷ ಮತ್ತು ಬಯಕೆಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವನ್ನು, ಊಟ, ಆಟ, ಒಡನಾಟಗಳು ಎಂದೂ ಹೆಚ್ಚಿಸದ ಮಟ್ಟಕ್ಕೆ ಒಮ್ಮೆಲೇ ಏರಿಸುತ್ತವೆ. ಇದು ಮತ್ತೆ ಮತ್ತೆ ನಡೆದಾಗ ಮಿದುಳು ತನ್ನನ್ನು ಅದಕ್ಕೆ ಹೊಂದಿಸಿಕೊಂಡು, ಮೊದಲು ಹಿತವೆನಿಸುತ್ತಿದ್ದ ಸಂಗತಿಗಳೆಲ್ಲ ಸಪ್ಪೆಯಾಗುತ್ತವೆ, ಮೊದಲಿನಷ್ಟೇ ಅಮಲು ಬರಲು ಹೆಚ್ಚು ಪ್ರಮಾಣ ಬೇಕಾಗುತ್ತದೆ, ಕೊನೆಗೆ ಅಮಲಿಗಾಗಿ ಅಲ್ಲ, ಮೈ ಸರಿಯಾಗಿರಲೆಂದೇ ಸೇವಿಸಬೇಕಾದ ಸ್ಥಿತಿ ಬರುತ್ತದೆ. ಬೇಡವೆಂದು ತಡೆಯಬೇಕಾದ ಮಿದುಳಿನ ಮುಂಭಾಗವೇ ಈ ಹೊತ್ತಿಗೆ ದುರ್ಬಲವಾಗಿರುತ್ತದೆ. ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೋ ಎನ್ನುವುದು ಕಾಲು ಮುರಿದವನಿಗೆ ಎದ್ದು ನಡೆ ಎಂದಂತೆ.

ಮಿದುಳಿನ ಈ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ. ಪಿಯುಸಿ, ಡಿಗ್ರಿಯ ವಯಸ್ಸಿನಲ್ಲಿ ಶುರುವಾದ ಸೇವನೆ ಬೇಗ ಬೇರೂರಲು ಇದೇ ಮುಖ್ಯ ಕಾರಣ. ವ್ಯಸನಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶೀಯವೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಅಪ್ಪ, ತಾತ ಕುಡಿಯುತ್ತಿದ್ದ ಮನೆಯ ಮಕ್ಕಳು ಹೆಚ್ಚು ಎಚ್ಚರದಿಂದಿರಬೇಕು ಎನ್ನುವುದು ಇದರಿಂದಲೇ.

ನಮ್ಮ ರಾಜ್ಯದಲ್ಲಿ ಯಾವ ವಸ್ತುಗಳು ಹೆಚ್ಚಾಗಿ ಕಾಣಿಸುತ್ತಿವೆ? ಅವು ಏನು ಮಾಡುತ್ತವೆ?

ಎಲ್ಲಕ್ಕಿಂತ ದೊಡ್ಡ ಹಾವಳಿ ಈಗಲೂ ಮದ್ಯದ್ದೇ. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಾಂಜಾ, ಭಂಗಿ, ಚರಸ್ ಸೇರಿ ಸುಮಾರು 3.1 ಕೋಟಿ, ಅಫೀಮು, ಹೆರಾಯಿನ್ ಮತ್ತು ಅದೇ ಜಾತಿಯ ನೋವಿನ ಮಾತ್ರೆಗಳನ್ನು ಸುಮಾರು 2.26 ಕೋಟಿ ಜನ ಬಳಸುತ್ತಾರೆ. ಮದ್ಯವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಹೊರಗಿಟ್ಟು ಮಾತನಾಡುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ.

ಎಂಡಿಎಂಎ ಮುಂತಾದ ಸಿಂಥೆಟಿಕ್ ಡ್ರಗ್ಸ್ ಬೆಂಗಳೂರು, ಮಂಗಳೂರುಗಳ ಪೊಲೀಸ್ ಪ್ರಕರಣಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತವೆ. ಎಂಡಿಎಂಎ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಿ, ದೇಹದ ಉಷ್ಣತೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಒಯ್ಯಬಲ್ಲದು. ಬಾಯಾರಿ ಅತಿಯಾಗಿ ನೀರು ಕುಡಿದಾಗ ರಕ್ತದಲ್ಲಿ ಸೋಡಿಯಂ ಕುಸಿದು ಮಿದುಳು ಊದಿಕೊಳ್ಳುವುದೂ ಉಂಟು. ಬೀದಿಯಲ್ಲಿ ಆ ಹೆಸರಿನಲ್ಲಿ ಮಾರುವ ಹರಳಿನಲ್ಲಿ ನಿಜಕ್ಕೂ ಏನಿದೆ, ಎಷ್ಟಿದೆ ಎಂದು ಕೊಂಡವನಿಗೂ ಗೊತ್ತಿರುವುದಿಲ್ಲ, ಮಾರುವವನಿಗೂ ಗೊತ್ತಿರುವುದಿಲ್ಲ.

ಬಡ ಮಕ್ಕಳ ಪಾಲಿಗೆ ಬಂದಿರುವುದು ಸಲ್ಯೂಷನ್: ಪಂಕ್ಚರ್ ಹಾಕುವ ಅಂಟು, ವೈಟ್ನರ್, ಥಿನ್ನರ್. ಬಟ್ಟೆಗೆ ಹಾಕಿ ಮೂಸುವ ಇವುಗಳಲ್ಲಿನ ಟೊಲ್ವಿನ್‌ನಂಥ ದ್ರಾವಕಗಳು ಮಿದುಳು, ನರ, ಮೂತ್ರಪಿಂಡಗಳನ್ನು ಕೆಡಿಸುತ್ತವೆ, ಮತ್ತು ಮೊದಲ ಸಲವೇ ಹೃದಯದ ಲಯ ತಪ್ಪಿಸಿ ಕೊಲ್ಲಬಲ್ಲವು. ಮೇಲಿನ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದದ್ದು ಇದೊಂದೇ: ದೊಡ್ಡವರಲ್ಲಿ ಶೇ. 0.58, ಹದಿನೆಂಟರೊಳಗಿನವರಲ್ಲಿ ಶೇ. 1.17. ಇದು ಅಂಗಡಿಯಲ್ಲಿ ಸಿಗುವ ವಸ್ತುವಾದ್ದರಿಂದ ಸುದ್ದಿಯಾಗುವುದಿಲ್ಲ, ಪಾರ್ಟಿ ಡ್ರಗ್ಸ್ ಹಿಡಿದರೆ ಸುದ್ದಿಯಾಗುತ್ತದೆ.

ಗಾಂಜಾ ಗಿಡದಿಂದ ಬಂದದ್ದು, ಸಾಧುಗಳೂ ಸೇದುತ್ತಾರೆ. ಅದರಿಂದ ಏನೂ ಆಗುವುದಿಲ್ಲ ಎಂದು ಮಗ ವಾದಿಸುತ್ತಾನೆ.

ಗಾಂಜಾ ಹೆರಾಯಿನ್‌ನಂತೆ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ ಎಂಬಷ್ಟು ಮಾತು ನಿಜ. ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸುವುದು ಒಳ್ಳೆಯದು, ಏಕೆಂದರೆ ಉತ್ಪ್ರೇಕ್ಷೆ ಮಾಡಿದರೆ ಅವನು ಉಳಿದದ್ದನ್ನೂ ನಂಬುವುದಿಲ್ಲ. ಆದರೆ ಸೇದುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಈ ಪ್ರಮಾಣ ಆರರಲ್ಲಿ ಒಬ್ಬರಷ್ಟಾಗುತ್ತದೆ. ಚಿಕ್ಕ ವಯಸ್ಸಿನಿಂದ ದಿನವೂ ಸೇದುವವರಲ್ಲಿ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭಯ, ಇಲ್ಲದ ದನಿಗಳು ಕೇಳಿಸುವುದು ಮುಂತಾದ ಸೈಕೋಸಿಸ್ ಲಕ್ಷಣಗಳ ಸಾಧ್ಯತೆ ಹೆಚ್ಚು, ಮತ್ತು ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಇಂಥ ಹುಡುಗನಿಗೆ ಗಾಳಿ ಸೋಕಿದೆಯೆಂದು ತಿಂಗಳುಗಟ್ಟಲೆ ತಾಯತ ಕಟ್ಟಿಸಿಕೊಂಡು ಅಲೆದ ಮೇಲೆ ಆಸ್ಪತ್ರೆಗೆ ಬರುವ ಕುಟುಂಬಗಳು ಇವತ್ತಿಗೂ ಇವೆ. ಓದಿನಲ್ಲಿ ಹಿಂದೆ ಬೀಳುವುದು, ನೆನಪು ಮಸುಕಾಗುವುದು, ಯಾವುದರಲ್ಲೂ ಉಮೇದು ಇಲ್ಲದಿರುವುದು ಇದಕ್ಕಿಂತ ಸಾಮಾನ್ಯ.

ಡಾಕ್ಟರ್ ಬರೆದುಕೊಟ್ಟ ಮಾತ್ರೆಗಳೂ ಚಟ ಹಿಡಿಸುತ್ತವೆಯೆ?

ಕೆಲವು ಹಿಡಿಸುತ್ತವೆ. ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು ಅಫೀಮಿನಂತೆಯೇ ಕೆಲಸ ಮಾಡುತ್ತವೆ. ಟ್ರಮಡಾಲನ್ನು 2018ರಲ್ಲಿ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಕೊಡೀನ್ ಇರುವ ಕೆಮ್ಮಿನ ಸಿರಪ್, ಆಲ್‌ಪ್ರಜೊಲಮ್‌ನಂಥ ನಿದ್ದೆ ಮಾತ್ರೆಗಳೂ ಈ ಸಾಲಿನವೇ. ನುಂಗಬೇಕಾದ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಚುಚ್ಚಿಕೊಳ್ಳುವವರೂ ಇದ್ದಾರೆ. ಮಾತ್ರೆಗೆ ಆಕಾರ ಕೊಡಲು ಬಳಸಿದ ಪುಡಿ ಕರಗದೆ ರಕ್ತನಾಳಗಳನ್ನೂ ಶ್ವಾಸಕೋಶವನ್ನೂ ಕಟ್ಟುತ್ತದೆ, ಚುಚ್ಚಿದ ಜಾಗ ಕೊಳೆಯುತ್ತದೆ, ಸಿರಿಂಜು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ. ಹಾಗೆಂದು ಶಸ್ತ್ರಚಿಕಿತ್ಸೆಯ ನಂತರ ಅಥವಾ ಕ್ಯಾನ್ಸರ್ ನೋವಿಗೆ ವೈದ್ಯರು ಕೊಟ್ಟದ್ದನ್ನು ಹೆದರಿ ನಿಲ್ಲಿಸಬಾರದು. ಬರೆದಷ್ಟು, ಬರೆದಷ್ಟೇ ದಿನ ತೆಗೆದುಕೊಂಡು, ಉಳಿದ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳದಿದ್ದರೆ ಸಾಕು.

ಮಗ ಅಥವಾ ಮಗಳು ಸೇವಿಸುತ್ತಿದ್ದಾರೆಂದು ಹೇಗೆ ತಿಳಿಯುವುದು? ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಬಹುದೆ?

ಕೆಂಪು ಕಣ್ಣು, ಸಣ್ಣಗಾದ ಅಥವಾ ಅಗಲವಾದ ಕಣ್ಣಿನ ಪಾಪೆ, ಬಟ್ಟೆಯಲ್ಲಿ ಥಿನ್ನರ್ ವಾಸನೆ, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಸುಟ್ಟ ಬೆಳ್ಳಿ ಕಾಗದ, ಖಾಲಿ ಮಾತ್ರೆ ಪಟ್ಟಿ ಇವೆಲ್ಲ ಸುಳಿವುಗಳು. ಆದರೆ ಒಂದೊಂದೇ ಸುಳಿವಿಗಿಂತ ಬದಲಾವಣೆಯ ದಿಕ್ಕು ಮುಖ್ಯ: ಹಳೆಯ ಗೆಳೆಯರು ಬರುವುದು ನಿಂತು ಹೊಸಬರು ಬಂದಿದ್ದಾರೆಯೆ, ಹಗಲು ರಾತ್ರಿ ಅದಲುಬದಲಾಗಿದೆಯೆ, ಹಣದ ಲೆಕ್ಕ ತಪ್ಪುತ್ತಿದೆಯೆ ಎಂದು ನೋಡಬೇಕು. ಖಿನ್ನತೆಯಲ್ಲೂ ಇದರಲ್ಲಿ ಹಲವು ಕಾಣಿಸುತ್ತವೆ ಎನ್ನುವುದನ್ನು ಮರೆಯಬಾರದು.

ಔಷಧಿ ಅಂಗಡಿಯ ಕಿಟ್ ತಂದು ಬಲವಂತದಿಂದ ಪರೀಕ್ಷೆ ಮಾಡುವುದರಿಂದ ಪ್ರಯೋಜನಕ್ಕಿಂತ ಗೊಂದಲವೇ ಹೆಚ್ಚು. ದಿನವೂ ಗಾಂಜಾ ಸೇದಿದವನ ಮೂತ್ರದಲ್ಲಿ ನಿಲ್ಲಿಸಿದ ವಾರಗಳ ನಂತರವೂ ಅಂಶ ಕಾಣಿಸಬಹುದು, ಎಂಡಿಎಂಎ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಟಪೆಂಟಡಾಲ್ ಮತ್ತು ಸಲ್ಯೂಷನ್‌ಗಳನ್ನು ಸಾಮಾನ್ಯ ಕಿಟ್‌ಗಳು ಗುರುತಿಸುವುದೇ ಇಲ್ಲ. ಹೀಗಾಗಿ ಬಿಟ್ಟವನು ಸಿಕ್ಕಿಬಿದ್ದು, ಬಿಡದವನು ಪಾರಾಗಬಹುದು. ಅಮಲಿನಲ್ಲಿ ಇಲ್ಲದ ಹೊತ್ತು ನೋಡಿ, ಮನೆಯಲ್ಲಿ ಅವನು ಹೆಚ್ಚು ಮಾತನಾಡುವ ಒಬ್ಬರು, ಅಕ್ಕನೋ ಚಿಕ್ಕಪ್ಪನೋ, ಕಂಡದ್ದನ್ನಷ್ಟೇ ಹೇಳಿ ಕೇಳುವುದು ಮೇಲು.

ಕೋಣೆಯಲ್ಲಿ ಕೂಡಿಹಾಕಿ ಒಂದೇ ಸಲ ಬಿಡಿಸಿದರೆ ಆಗದೆ?

ಎಲ್ಲಕ್ಕಿಂತ ಹೆಚ್ಚು ಎಚ್ಚರದಿಂದ ಉತ್ತರಿಸಬೇಕಾದ ಪ್ರಶ್ನೆ ಇದು, ಏಕೆಂದರೆ ಪ್ರೀತಿಯಿಂದಲೇ ಮಾಡಿದ ಈ ಕೆಲಸದಲ್ಲಿ ಜೀವ ಹೋಗಬಹುದು. ಯಾವ ವಸ್ತು ಎನ್ನುವುದರ ಮೇಲೆ ಅಪಾಯ ನಿಂತಿದೆ.

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಆರರಿಂದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಕೆಲವರಿಗೆ ಒಂದೆರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರನೆಯ ದಿನ, ಮನೆಯವರು ಇನ್ನೇನು ಗೆದ್ದೆವೆಂದುಕೊಳ್ಳುವ ಹೊತ್ತಿಗೆ, ಸಮಯ ಸ್ಥಳಗಳ ಪರಿವೆ ತಪ್ಪಿ, ಇಲ್ಲದ ಹುಳು ಹಾವುಗಳು ಕಂಡು, ಜ್ವರ ಏರಿ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಸಂಭವಿಸುತ್ತದೆ. ಆಸ್ಪತ್ರೆಯಲ್ಲಿ ಕೆಲವು ದಿನದ ಔಷಧಿ ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವದಿಂದ ಬಹುಮಟ್ಟಿಗೆ ತಪ್ಪಿಸಬಹುದು. ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಅನೇಕರಿಗೆ ಒಳ್ಳೆಯದಾಗಿದೆ, ಆದರೆ ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆ ಎದ್ದೊಡನೆ ಕುಡಿಯದೆ ಕೈ ನಡುಗುವವರು ಶಿಬಿರಕ್ಕೆ ಹೋಗುವ ಮೊದಲು ವೈದ್ಯರನ್ನು ಕಾಣಲೇಬೇಕು. ನಿದ್ದೆ ಮಾತ್ರೆಗಳ ವಿಷಯದಲ್ಲೂ ಹೀಗೆಯೇ. ಅವನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಹೆರಾಯಿನ್ ಮತ್ತು ನೋವಿನ ಮಾತ್ರೆಗಳನ್ನು ನಿಲ್ಲಿಸಿದಾಗ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ರೋಮಾಂಚನ, ಮೂಳೆ ಮುರಿದಂಥ ಮೈನೋವು, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ಬರುತ್ತವೆ. ಎರಡು ಮೂರನೆಯ ದಿನ ಅತಿ ಹೆಚ್ಚಾಗಿ, ವಾರ ಹತ್ತು ದಿನದಲ್ಲಿ ಇಳಿಯುತ್ತವೆ. ಆರೋಗ್ಯವಂತ ಯುವಕನಿಗೆ ಇದು ಜೀವಕ್ಕೆ ಕುತ್ತು ತರುವುದು ಅಪರೂಪ, ಆದರೆ ತಡೆಯಲಾಗದ ಯಾತನೆ. ಗರ್ಭಿಣಿಗೆ ಮಾತ್ರ ಥಟ್ಟನೆ ನಿಲ್ಲಿಸುವುದು ಮಗುವಿಗೂ ಅಪಾಯ. ಗಾಂಜಾ ಬಿಟ್ಟಾಗ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡುತ್ತವೆ. ಅದಕ್ಕೆ ಸಾಮಾನ್ಯವಾಗಿ ದಾಖಲಾಗಬೇಕಿಲ್ಲ.

ಮೂರು ತಿಂಗಳು ಕೇಂದ್ರದಲ್ಲಿದ್ದು ಚೆನ್ನಾಗಿ ಬಂದ. ಇನ್ನು ಭಯವಿಲ್ಲ ತಾನೆ?

ಹೆರಾಯಿನ್ ಅಥವಾ ನೋವಿನ ಮಾತ್ರೆಗಳಿಗೆ ಅಂಟಿಕೊಂಡಿದ್ದವನಾದರೆ, ಮನೆಗೆ ಬಂದ ಮೊದಲ ಕೆಲವು ವಾರಗಳೇ ಅತ್ಯಂತ ಅಪಾಯದವು. ಬಿಟ್ಟಿದ್ದ ಅವಧಿಯಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ನೆನಪಿನಲ್ಲಿ ಮಾತ್ರ ಹಳೆಯ ಪ್ರಮಾಣ ಉಳಿದಿರುತ್ತದೆ. ಹಳೆಯ ಗೆಳೆಯ ಸಿಕ್ಕ ಒಂದು ಸಂಜೆ, ಮೊದಲು ದಿನವೂ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಲು ಅಷ್ಟೇ ಸಾಕಾಗಬಹುದು. ಜೈಲಿನಿಂದ ಬಿಡುಗಡೆಯಾದವರ ವಿಷಯದಲ್ಲೂ ಇದು ಸತ್ಯ. ಈ ಮಾತನ್ನು ಹೊರಡುವ ದಿನವೇ ರೋಗಿಗೂ ಮನೆಯವರಿಗೂ ಎದುರುಬದುರು ಕೂರಿಸಿ ಹೇಳಬೇಕು. ಹೇಳಿದರೆ ಮತ್ತೆ ಸೇವಿಸಲು ದಾರಿ ತೋರಿಸಿದಂತಾಗುತ್ತದೆ ಎಂದು ಅಳುಕುವವರಿದ್ದಾರೆ, ಆ ಅಳುಕಿಗೆ ತೆರುವ ಬೆಲೆ ದೊಡ್ಡದು.

ಅತಿಯಾಗಿ ಸೇವಿಸಿ ಬಿದ್ದಿದ್ದರೆ ತಕ್ಷಣ ಏನು ಮಾಡಬೇಕು?

ಕರೆದರೂ, ಎದೆಮೂಳೆಯನ್ನು ಬಲವಾಗಿ ಉಜ್ಜಿದರೂ ಏಳದಿರುವುದು, ನಿಧಾನವಾದ ಅಥವಾ ಗೊರಗೊರ ಸದ್ದಿನ ಉಸಿರು, ನೀಲಿಯಾದ ತುಟಿ, ಸೂಜಿಮೊನೆಯಷ್ಟಾದ ಪಾಪೆ ಇವು ಅಫೀಮು ಜಾತಿಯ ವಸ್ತುಗಳು ಅತಿಯಾದುದರ ಗುರುತುಗಳು. 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉಸಿರು ನಿಂತಿದ್ದರೆ, ಗೊತ್ತಿರುವವರು ಕೃತಕ ಉಸಿರಾಟವನ್ನೂ ಎದೆ ಒತ್ತುವುದನ್ನೂ ಶುರು ಮಾಡಬೇಕು. ಮಜ್ಜಿಗೆ, ಉಪ್ಪುನೀರು, ನಿಂಬೆರಸ ಕುಡಿಸುವುದು, ತಣ್ಣೀರು ಸುರಿಯುವುದು, ಮಲಗಿದರೆ ಇಳಿಯುತ್ತದೆಂದು ಬಿಡುವುದು ಬೇಡ. ಏನು ಸೇವಿಸಿದ್ದಾನೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ, ಮಾತ್ರೆ ಪಟ್ಟಿ ಸಿಕ್ಕರೆ ಜೊತೆಗೆ ಒಯ್ಯಿರಿ: ನಲೊಕ್ಸೋನ್ ಎಂಬ ಚುಚ್ಚುಮದ್ದು ಅಫೀಮು ಜಾತಿಯ ಅಮಲನ್ನು ನಿಮಿಷಗಳಲ್ಲಿ ಇಳಿಸಬಲ್ಲದು. ಎಚ್ಚರವಾದೊಡನೆ ಮನೆಗೆ ಕರೆತರಬೇಡಿ, ಆ ಔಷಧಿಯ ಪ್ರಭಾವ ಕಡಿಮೆಯಾದ ಮೇಲೆ ಉಸಿರು ಮತ್ತೆ ಕುಗ್ಗಬಹುದು.

ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಯಿಂದ ಕುಡಿತ ಬಿಡಿಸಬಹುದೆ?

ಗೋಡೆಗಳ ಮೇಲೆ, ಬಸ್ಸಿನ ಸೀಟಿನ ಹಿಂದೆ ಇವುಗಳ ಜಾಹೀರಾತು ಕಂಡು ಆಸೆಪಡದ ಕುಟುಂಬವಿಲ್ಲ. ಆ ಪುಡಿಗಳಲ್ಲಿ ಏನಿದೆ ಎನ್ನುವುದು ಕೊಟ್ಟವರಿಗೇ ಗೊತ್ತು. ಮದ್ಯ ಸೇವಿಸಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟುಮಾಡುವ ಡೈಸಲ್ಫಿರಾಂ ಎಂಬ ಔಷಧಿಯೊಂದಿದೆ. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ಕೊಡುತ್ತಾರೆ. ತಿಳಿಯದೆ ತಿಂದವನು ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಎರವಾಗಬಹುದು. ಹೆಂಡತಿ ಊಟದಲ್ಲಿ ಏನೋ ಹಾಕಿದ್ದಾಳೆಂದು ಗೊತ್ತಾದ ದಿನ ಮನೆಯಲ್ಲಿ ಉಳಿದಿದ್ದ ನಂಬಿಕೆಯೂ ಹೋಗುತ್ತದೆ.

ಚಿಕಿತ್ಸೆ ಎಂದರೆ ಏನು? ಎಲ್ಲಿಗೆ ಹೋಗಬೇಕು?

ಮೈಯಿಂದ ವಸ್ತುವನ್ನು ಇಳಿಸುವ ಮೊದಲ ವಾರ ಹತ್ತು ದಿನ ಚಿಕಿತ್ಸೆಯ ಬಾಗಿಲು ಮಾತ್ರ. ತುಡಿತ ಬಂದಾಗ ಏನು ಮಾಡಬೇಕು, ಸಂಬಳದ ದಿನ, ಜಾತ್ರೆ, ಮದುವೆ ಮನೆಗಳನ್ನು ಹೇಗೆ ದಾಟಬೇಕು ಎಂಬ ಆಪ್ತಸಮಾಲೋಚನೆ, ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ಚಿಕಿತ್ಸೆ, ಕೆಲಸಕ್ಕೆ ಮರಳುವುದು ಇವು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ದಾರಿ. ಮದ್ಯದ ತುಡಿತ ಇಳಿಸಲು ನಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಔಷಧಿಗಳಿವೆ. ಅಫೀಮು ಜಾತಿಯ ವ್ಯಸನಕ್ಕೆ ನಾಲಿಗೆಯಡಿ ಇಡುವ ಬುಪ್ರಿನಾರ್ಫಿನ್ ಇದೆ. ಚುಚ್ಚಿಕೊಳ್ಳುವವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಲ್ಲಿ ಅದು ಉಚಿತ. ಒಂದು ಬಿಟ್ಟು ಇನ್ನೊಂದು ಹಿಡಿಸಿದಂತಲ್ಲವೆ ಎಂದು ಬಹಳ ಜನ ಕೇಳುತ್ತಾರೆ. ಅದು ಅಮಲೇರಿಸದೆ ತುಡಿತವನ್ನು ಹಿಡಿದಿಡುತ್ತದೆ, ಚುಚ್ಚುವುದನ್ನು ನಿಲ್ಲಿಸುತ್ತದೆ, ಸಾವುಗಳನ್ನು ಇಳಿಸುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಗಾಂಜಾ ಮತ್ತು ಎಂಡಿಎಂಎಗೆ ಇಂಥ ನಿರ್ದಿಷ್ಟ ಔಷಧಿಯಿಲ್ಲ, ಅಲ್ಲಿ ಸಮಾಲೋಚನೆಯೇ ಮುಖ್ಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ವೈದ್ಯಕೀಯ ಕಾಲೇಜು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಮೊದಲು ಮಾತನಾಡಿ ನೋಡಬೇಕೆನಿಸಿದರೆ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಖಾಸಗಿ ವ್ಯಸನಮುಕ್ತಿ ಕೇಂದ್ರ ಆರಿಸುವಾಗ ಏನು ನೋಡಬೇಕು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರಗಳು ನೋಂದಣಿಯಾಗಿರಬೇಕು. ನೋಂದಣಿ ಪತ್ರ ಕೇಳಿ. ವೈದ್ಯರು ದಿನ ಬರುತ್ತಾರೆಯೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತಾರೆ, ಮನೆಯವರು ಯಾವಾಗ ಭೇಟಿಯಾಗಬಹುದು ಎಂದು ಕೇಳಿ. ಸರಪಳಿ ಹಾಕುವುದನ್ನು ಈ ಕಾಯ್ದೆ ಯಾವುದೇ ರೂಪದಲ್ಲಿ ನಿಷೇಧಿಸಿದೆ; ಹೊಡೆತ, ಉಪವಾಸ ಶಿಕ್ಷೆಗಳು ಚಿಕಿತ್ಸೆಯಲ್ಲ, ಅಪರಾಧ. ನಡುರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಮುಖ ನೋಡುವಂತಿಲ್ಲ, ನೂರಕ್ಕೆ ನೂರು ಗ್ಯಾರಂಟಿ ಎನ್ನುವ ಕಡೆಗೆ ಹೋಗಬೇಡಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೆ?

ಚಿಕಿತ್ಸೆಗೆ ಬಂದ ಕಾರಣಕ್ಕೆ ಕೇಸ್ ಆಗುವುದಿಲ್ಲ, ರೋಗಿಯ ವಿವರವನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಸೇವನೆಯೂ ಅಪರಾಧವೇ: ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ, ಗಾಂಜಾದಂಥವಕ್ಕೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಆದರೆ ಅದೇ ಕಾಯ್ದೆಯ 64ಎ ಕಲಮಿನಲ್ಲಿ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಅದನ್ನು ಹಿಂಪಡೆಯಬಹುದು. ಸಣ್ಣ ಪ್ರಮಾಣ ಎಂದರೆ ಗಾಂಜಾಕ್ಕೆ 1 ಕಿಲೋ, ಹೆರಾಯಿನ್‌ಗೆ 5 ಗ್ರಾಂ, ಎಂಡಿಎಂಎಗೆ ಅರ್ಧ ಗ್ರಾಂ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣವಾಗಿ ಕನಿಷ್ಠ ಹತ್ತು ವರ್ಷದ ಶಿಕ್ಷೆಯ ಪ್ರಶ್ನೆ ಬರುತ್ತದೆ. ಗೆಳೆಯರ ಗುಂಪಿಗೆಲ್ಲ ಸೇರಿಸಿ ತಂದುಕೊಡುವ ವಿದ್ಯಾರ್ಥಿ ಕಾನೂನಿನ ಕಣ್ಣಿಗೆ ಬರೀ ಸೇವಿಸುವವನಾಗಿ ಉಳಿಯುವುದಿಲ್ಲ ಎಂಬುದನ್ನು ಕಾಲೇಜು ಮಕ್ಕಳಿಗೆ ಹೇಳುವವರು ಕಡಿಮೆ. ಮಕ್ಕಳಿಗೆ ಮಾದಕ ವಸ್ತು ಕೊಡುವವರಿಗೆ, ಅವರಿಂದ ಮಾರಿಸುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ.

ಹೆಣ್ಣುಮಕ್ಕಳಲ್ಲೂ ಇದೆಯೆ?

ಇದೆ, ಲೆಕ್ಕಕ್ಕೆ ಸಿಗುವುದು ಕಡಿಮೆ. ನಿದ್ದೆ ಮಾತ್ರೆ, ನೋವಿನ ಮಾತ್ರೆಗಳ ವ್ಯಸನ ಮನೆಯೊಳಗೇ ವರ್ಷಗಟ್ಟಲೆ ಮುಚ್ಚಿರುತ್ತದೆ. ಗಂಡಸಿಗೆ ಸಿಗುವ ಎರಡನೆಯ ಅವಕಾಶ ಹೆಂಗಸಿಗೆ ಸಿಗುವುದಿಲ್ಲವಾದ್ದರಿಂದ ಅವರು ತಡವಾಗಿ, ಬೇರೆ ಯಾವುದೋ ಕಾಯಿಲೆಯ ಹೆಸರಿನಲ್ಲಿ ಬರುತ್ತಾರೆ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ ಹಿರಿಯರು.

ಸರಿಹೋಗುವುದಿಲ್ಲ. ಕಾಯಿಲೆಯ ಹೊಣೆಯನ್ನು ಏನೂ ಅರಿಯದ ಹುಡುಗಿಯೊಬ್ಬಳ ತಲೆಗೆ ಕಟ್ಟಿದಂತಾಗುತ್ತದೆ. ಚಿಕಿತ್ಸೆಯಲ್ಲಿ ಸ್ಥಿರವಾಗಿ ನಿಂತ ಮೇಲೆ, ವಿಷಯ ತಿಳಿಸಿ ಆಗುವ ಮದುವೆ ಬೇರೆ ಮಾತು.

ಮತ್ತೆ ಶುರು ಮಾಡಿದ. ಖರ್ಚು ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತೆ?

ಮರುಕಳಿಸುವುದು ಈ ಕಾಯಿಲೆಯ ಸ್ವಭಾವದಲ್ಲೇ ಇದೆ, ಆಸ್ತಮಾ, ರಕ್ತದೊತ್ತಡಗಳಲ್ಲಿ ಇರುವಂತೆಯೇ. ಎಂಟು ತಿಂಗಳು ಬಿಟ್ಟಿದ್ದನೆಂದರೆ ಆ ಎಂಟು ತಿಂಗಳು ಏನು ಕೆಲಸ ಮಾಡಿತು, ಯಾವ ದಿನ ಯಾರ ಜೊತೆ ಜಾರಿದ ಎನ್ನುವುದೇ ಮುಂದಿನ ಚಿಕಿತ್ಸೆಗೆ ಸಾಮಗ್ರಿ. ಮನೆಯವರು ಸಾಲಗಾರರ ಕೈಗೆ ಹಣ ಕೊಟ್ಟು ಪ್ರತಿಸಲ ಬಿಡಿಸಿಕೊಳ್ಳುವುದು, ಆಫೀಸಿಗೆ ಸುಳ್ಳು ಹೇಳಿ ರಜೆ ಹಾಕಿಸುವುದು ನಿಲ್ಲಬೇಕು. ಊಟ, ಮಾತು, ಆಸ್ಪತ್ರೆಗೆ ಜೊತೆ ಬರುವುದು ನಿಲ್ಲಬಾರದು. ಈ ಗೆರೆ ಎಳೆಯುವುದು ಬರೆದಷ್ಟು ಸುಲಭವಲ್ಲ.

ಅವನು ಬರಲು ಒಪ್ಪುವುದಿಲ್ಲ. ನಾವು ಮಾತ್ರ ಬಂದರೆ ಪ್ರಯೋಜನವಿದೆಯೆ?

ಇದೆ, ಬನ್ನಿ. ಯಾವ ವಸ್ತು, ಎಷ್ಟು ಕಾಲದಿಂದ, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೆ, ಸಾಯುವ ಮಾತಾಡಿದ್ದನೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಹಳೆಯ ಆಸ್ಪತ್ರೆಯ ಚೀಟಿಗಳೂ ಮಾತ್ರೆ ಪಟ್ಟಿಗಳೂ ಇದ್ದರೆ ಜೊತೆಗೆ ತನ್ನಿ. ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಒಪ್ಪಿಗೆಯಿಲ್ಲದೆಯೂ ದಾಖಲಿಸಿಕೊಳ್ಳಲು ಕಾನೂನಿನಲ್ಲಿ ಕಟ್ಟುನಿಟ್ಟಿನ ಕ್ರಮವಿದೆ, ಅದನ್ನು ವೈದ್ಯರು ವಿವರಿಸುತ್ತಾರೆ. ಬಹಳಷ್ಟು ಸಲ ಅದರ ಅಗತ್ಯ ಬೀಳುವುದಿಲ್ಲ: ಅಮ್ಮ ಎರಡು ಮೂರು ಸಲ ಒಬ್ಬರೇ ಬಂದು ಹೋದದ್ದು ತಿಳಿದ ಮೇಲೆ, ಅಲ್ಲಿ ನನ್ನ ಬಗ್ಗೆ ಏನು ಹೇಳಿದೆ ಎಂದು ಕೇಳುವ ನೆಪದಲ್ಲಾದರೂ ಅವನು ಬಾಗಿಲವರೆಗೆ ಬಂದು ನಿಲ್ಲುವುದುಂಟು.